ಪಾಠ ಕಡಿಮೆ ಇದ್ದರೆ ಅದು ಶಿಕ್ಷೆಯೇ?

ಮೈಕಲ್ ಬೀಹಿ ಅಮೆರಿಕದ ಜೀವರಸಾಯನಶಾಸ್ತ್ರಜ್ಞ; ಜೀವಿಗಳ ರಚನೆಯ ಹಿಂದೆ ಬುದ್ಧಿವಂತ ವಿನ್ಯಾಸಕನಿದ್ದಾನೆ ಎಂಬ 'ಇಂಟೆಲಿಜೆಂಟ್ ಡಿಸೈನ್' ವಾದದವರು. ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯ ಅವರಿಗೆ ಪಾಠ ಹೇಳುವ ತರಗತಿಗಳನ್ನು ಬೇಕಂತಲೇ ಕಡಿಮೆ ಮಾಡಿದೆ ಎಂದು ಒಂದು ಲೇಖನದಲ್ಲಿದೆ. ಆಧಾರ? ಕೋರ್ಸ್ ಪಟ್ಟಿಯಲ್ಲಿ ಹೆಸರು ಅಪರೂಪ ಅಂತೆ. ಇಷ್ಟು ಸಾಕಾ?

ಕ್ಯಾಟಲಾಗ್, ಅಂದರೆ ಎಲ್ಲ ಕೋರ್ಸ್‌ಗಳ ಪಟ್ಟಿ, ಬೇರೆ; ಆಯಾ ಸೆಮಿಸ್ಟರಿನ ವೇಳಾಪಟ್ಟಿ ಬೇರೆ. ನೋಡಬೇಕಾದ್ದು ಎರಡನೆಯದು, ಅದೂ ಹಲವು ವರ್ಷಗಳದ್ದು. ಒಂದು ಸೆಮಿಸ್ಟರ್ ಹೆಸರಿಲ್ಲ ಅಂದ್ರೆ ಸಬ್ಬಾಟಿಕಲ್, ಅಂದರೆ ಸಂಶೋಧನೆಗೆಂದು ಕೊಡುವ ರಜೆ, ಇರಬಹುದು. ಪಿಎಚ್‌ಡಿ ಮಾರ್ಗದರ್ಶನ ಸಾಮಾನ್ಯವಾಗಿ ತರಗತಿಯ ಲೆಕ್ಕಕ್ಕೆ ಬರುವುದಿಲ್ಲ. ಮುಖ್ಯವಾಗಿ, ಅದೇ ವಿಭಾಗದ ಉಳಿದವರ ಹೊರೆ ಎಷ್ಟು? ಸಂಶೋಧನೆಗೆ ಒತ್ತು ಕೊಡುವ ಕಡೆ ಸೆಮಿಸ್ಟರಿಗೆ ಒಂದೆರಡು ಕೋರ್ಸ್ ಮಾಮೂಲು. ಹೋಲಿಸದೆ ಕಡಿಮೆ, ಜಾಸ್ತಿ ಅನ್ನೋದು ಸುಮ್ನೆ ಮಾತು.

ಬೀಹಿಯ ವಾದ ನನಗೂ ಒಪ್ಪಿಗೆಯಿಲ್ಲ. ಶಾಲೆಯಲ್ಲಿ ಈ ವಾದವನ್ನು ಹೇಳಿಕೊಡುವ ಬಗೆಗಿನ 2005ರ ಡೋವರ್ ಮೊಕದ್ದಮೆಯಲ್ಲಿ ಅವರು ಸಾಕ್ಷಿ ಹೇಳಿದರು, ನ್ಯಾಯಾಧೀಶರು 'ಇಂಟೆಲಿಜೆಂಟ್ ಡಿಸೈನ್' ವಿಜ್ಞಾನವಲ್ಲ ಎಂದರು. ಅವರ ವಿಭಾಗವೇ ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಬಹಿರಂಗ ಹೇಳಿಕೆ ಕೊಟ್ಟಿದೆ. ಆದರೆ ಅದೇ ಹೇಳಿಕೆಯಲ್ಲಿ, ತಮ್ಮ ಅಭಿಪ್ರಾಯ ಹೇಳುವ ಹಕ್ಕು ಅವರಿಗಿದೆ ಎಂದೂ ಇದೆ. ಲೇಖನ ಈ ಅರ್ಧವನ್ನು ಬಿಟ್ಟಿದ್ದು ಯಾಕೋ!

ಅಂದಹಾಗೆ, ಜೀವಿಗಳಿಗೆಲ್ಲ ಒಂದೇ ಮೂಲ ಎಂಬುದನ್ನು ಬೀಹಿ ಒಪ್ಪುತ್ತಾರೆ. 'ವಿಕಾಸವನ್ನೇ ಅಲ್ಲಗಳೆದವರು' ಎಂಬ ಲೇಖನದ ಸಾಲನ್ನೂ ತಿದ್ದಬೇಕು ಅಲ್ವಾ?