ಸಾರಿಗೆ ‘ಹುಲಿ’ ಹಾಕಿದ ಅಮ್ಮಾವ್ರು
ಅರವತ್ತು ದಾಟಿದ ಗಂಡ-ಹೆಂಡತಿ ಸ್ವಂತ ಖರ್ಚಿನಲ್ಲಿ ಪರದೇಶಕ್ಕೆ ಹೋಗಿ ಮಿಷನರಿ ಸೇವೆ ಮಾಡ್ತಾರೆ, ದಿನದ ಅರ್ಧ ಸಂತೆ-ಅಡುಗೆಯಲ್ಲೇ ಕಳೆಯುತ್ತೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ ಸರ್. ನಾನು ಚಿಕ್ಕವನಿದ್ದಾಗ ಬಳ್ಳಾರಿಯ ನಮ್ಮ ಓಣಿ ತುದಿಗೆ ಅಂಥದೇ ಒಂದು ವಯಸ್ಸಾದ ಜೋಡಿ ಇತ್ತು. ಅವರ ಧರ್ಮಬೋಧೆ ಒಂದಕ್ಷರವೂ ನೆನಪಿಲ್ಲ. ನೆನಪಿರೋದು ಏಪ್ರಿಲ್ ಬಿಸಿಲು. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿಸಿದ್ದರು. ತಾತ ಬರೀ ಬನಿಯನ್ನಿನಲ್ಲಿ ಕೂತು ಅರ್ಧ ತಾಸಿಗೊಮ್ಮೆ ಚೊಂಬಿನಿಂದ ನೀರು ಚಿಮುಕಿಸೋರು. ಒಂದು ಹನಿ ನಮ್ಮ ಮೇಲೆ ಬೀಳಲಿ ಅಂತ ನಾವು ಹುಡುಗರು ಹೊರಗೆ ಸಾಲಾಗಿ ನಿಲ್ಲುತ್ತಿದ್ವಿ!

ಭಾಷೆಯ ಕಷ್ಟವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದು ಮಾತ್ರ ಸರಿಯಿಲ್ಲ. ಅಮ್ಮಾವ್ರಿಗೆ ‘ಳ’ ಹೊರಳುತ್ತಿರಲಿಲ್ಲ. ಒಂದಿನ ನಮ್ಮವ್ವನ ಹತ್ತಿರ ಬಂದು, ‘ಸಾರಿಗೆ ಹುಲಿ ಎಷ್ಟು ಹಾಕಬೇಕ್ರೀ?’ ಅಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತವರು. ಅದೇ ಮಿಷನ್ನಿನ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಹೊರತಂದರು. ಅವರೆಲ್ಲ ಪ್ರಾಯದಲ್ಲಿ ಬಂದವರು ಬಿಡಿ, ನಾಲಿಗೆ ಬಾಗುತ್ತಿತ್ತು. ಮಂಡಿನೋವು ಇಟ್ಟುಕೊಂಡು ಅರವತ್ತರಲ್ಲಿ ಅ-ಆ ತಿದ್ದೋದು ಬೇರೆ ಮಾತು.

ಅವರು ಊರಿಗೆ ಮರಳಿದ ಮೇಲೆ ಅವ್ವನಿಗೆ ಒಂದು ಕಾಗದ ಬಂತು. ದಪ್ಪ ದಪ್ಪ ಕನ್ನಡ ಅಕ್ಷರ, ಮೂರೇ ಸಾಲು. ಒಗ್ಗರಣಿ ಮಾಡೋಕೆ ಮಂಡಕ್ಕಿ ಎಷ್ಟು ಹೊತ್ತು ನೆನೆಸಬೇಕು ಅಂತ ಕೇಳಿದ್ದರು. ಅಲ್ಲಿ ಮಂಡಕ್ಕಿ ಎಲ್ಲಿ ಸಿಕ್ಕಿತ್ತೋ!