ಗೂಟದ ಗುಂಡಿಯಲ್ಲಿ ನಾನೂರು ಮೀಟರ್

ಪಕ್ಕದ ಮನೆ ಹುಡುಗ ಮೊನ್ನೆ ಕುಂಟುತ್ತಾ ಬಂದ. ಡಿಗ್ರಿ ಎರಡನೇ ವರ್ಷ, ನಾನೂರು ಮೀಟರ್ ಓಡುವವನು. ಅಂತರ ಕಾಲೇಜು ಕ್ರೀಡಾಕೂಟದಲ್ಲಿ ಮುಕ್ಕಾಲು ಸುತ್ತಿನವರೆಗೆ ಇವನೇ ಮುಂದಿದ್ದನಂತೆ. ಆಮೇಲೆ ತೊಡೆಯ ಹಿಂದೆ ಯಾರೋ ಕಲ್ಲು ಹೊಡೆದ ಹಾಗಾಯಿತಂತೆ. ತಿರುಗಿ ನೋಡಿದರೆ ಯಾರೂ ಇಲ್ಲ. ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಹರಿದಿತ್ತು.

ಶಾಲು ಹೊದ್ದು ಕೂತಿದ್ದ ಮುಖ್ಯ ಅತಿಥಿಗಳು ಮೈಕಿನಲ್ಲೇ ಹೇಳಿದರಂತೆ, 'ಈಗಿನ ಮಕ್ಕಳಿಗೆ ಮೈಯಲ್ಲಿ ಕಸುವೇ ಇಲ್ಲ, ಬರೀ ಮೊಬೈಲು' ಅಂತ. ಎಷ್ಟು ಚೆನ್ನಾಗಿ ಹೇಳಿದ್ದಾರೆ! ವೇದಿಕೆಯ ಮೂರು ಮೆಟ್ಟಿಲು ಹತ್ತಲು ಇಬ್ಬರ ಹೆಗಲು ಹಿಡಿದವರಿಗೆ ಕಸುವಿನ ಬೆಲೆ ಗೊತ್ತಿರುತ್ತದೆ, ಅಲ್ವಾ?

ಹುಡುಗ ಟ್ರೇನಿಂಗ್ ಡೈರಿ ಇಟ್ಟಿದ್ದಾನೆ, ಪಾಪ. ಮೂರು ತಿಂಗಳ ಪುಟ ತಿರುವಿದೆ. 'ಗಣಪತಿ ಪೆಂಡಾಲ್, ಗ್ರೌಂಡ್ ಇಲ್ಲ.' 'ಆರ್ಕೆಸ್ಟ್ರಾ, ಗ್ರೌಂಡ್ ಇಲ್ಲ.' 'ಇಂಟರ್ನಲ್ಸ್.' 'ಸಮಾವೇಶ, ಜರ್ಮನ್ ಟೆಂಟ್, ಗ್ರೌಂಡ್ ಇಲ್ಲ.' 'ಮಳೆ.' 'ಪಟಾಕಿ ಅಂಗಡಿ, ಗ್ರೌಂಡ್ ಇಲ್ಲ.' ಒಂದು ಪುಟದಲ್ಲಿ ಮಾತ್ರ '6 x 200' ಎಂದಿತ್ತು, ಅಂದರೆ ಇನ್ನೂರು ಮೀಟರ್ ಆರು ಸಲ. ಅದರ ಮೇಲೂ ಗೀಟು ಹೊಡೆದು ಪಕ್ಕದಲ್ಲಿ 'ಲಾರಿ ಬಂತು' ಎಂದು ಬರೆದಿದ್ದ. ಶುಕ್ರವಾರ ಸಂಜೆ ಕ್ರೀಡಾಕೂಟದ ಸುತ್ತೋಲೆ. ಸೋಮವಾರ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟ.

ಸಮಾವೇಶ ಮುಗಿಸಿದವರು ಗೂಟ ಕಿತ್ತುಕೊಂಡು ಹೋದರು. ಗುಂಡಿ ಇಲ್ಲೇ ಬಿಟ್ಟರು. ಮರುದಿನ ನಾನೇ ಹೋಗಿ ನೋಡಿದೆ. ಮೊಣಕಾಲುದ್ದ ಆಳ, ತೆಂಗಿನಕಾಯಿ ಗಾತ್ರದ ಬಾಯಿ, ಒಳಗೆ ಮಳೆನೀರು, ಮೇಲೆ ತೇಲುವ ಒಂದು ಪ್ಲಾಸ್ಟಿಕ್ ಲೋಟ. ಸುಣ್ಣದ ಲೇನು ಸರಿಯಾಗಿ ಅದರ ಮೇಲೇ ಹಾದುಹೋಗಿತ್ತು. ಲಾಂಗ್ ಜಂಪ್ ಹುಡುಗಿಯೊಬ್ಬಳ ಪಾದ ಅದರೊಳಗೆ ಹೋಗಿ ಉಳುಕಿತ್ತು. ಅವಳು ಇನ್ನೂ ಜಂಪ್ ಮಾಡಿರಲಿಲ್ಲ, ಸುಮ್ನೆ ವಾರ್ಮ್ ಅಪ್ ಮಾಡ್ತಿದ್ದಳು.

ತಯಾರಿ ಇಲ್ಲದೆ ಓಡಿಸುವ ವಿಷಯದಲ್ಲಿ ಅಮೆರಿಕದವರು ತೀರಾ ಪುಕ್ಕಲರು. 2011ರಲ್ಲಿ ಎನ್‌ಎಫ್‌ಎಲ್ ಎಂಬ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಲೀಗ್‌ನಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ತಿಂಗಳುಗಟ್ಟಲೆ ಬೀಗ ಬಿತ್ತು. ಬೀಗ ತೆಗೆದು ಕ್ಯಾಂಪ್ ಶುರುವಾದ ಮೊದಲ 12 ದಿನದಲ್ಲೇ 10 ಮಂದಿಗೆ ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜಿಗೆ ಪೆಟ್ಟಾಯಿತು. ಕೋಟಿಗಟ್ಟಲೆ ಸಂಬಳ, ಜೊತೆಗೊಬ್ಬ ಡಾಕ್ಟರ್, ಆದರೂ ಹೀಗೆ. ಆಮೇಲೆ 2019ರಲ್ಲಿ ಅಲ್ಲಿನ ಕೋಚ್‌ಗಳ ಸಂಘಟನೆಗಳು ಕೂತು ಲೆಕ್ಕ ಬರೆದವು. ಬಿಡುವಿನ ನಂತರ ಬಂದ ಕಾಲೇಜು ಹುಡುಗರಿಗೆ ಮೊದಲ ವಾರ ಮಾಮೂಲಿಗಿಂತ ಶೇ 50 ಕಡಿಮೆ ಓಡಿಸಿ, ಮುಂದಿನ ವಾರಗಳಲ್ಲಿ ಶೇ 30, 20, 10 ಕಡಿಮೆ ಅಂತ. ನಮ್ಮ ಸೂತ್ರ ಇನ್ನೂ ಸುಲಭ. ಸೊನ್ನೆ, ಸೊನ್ನೆ, ಸೊನ್ನೆ, ಫೈನಲ್.

ನಾಯಿ ವಿಷಯ ನೆನಪಿದೆಯಲ್ಲ? 2022, ದೆಹಲಿಯ ತ್ಯಾಗರಾಜ ಸ್ಟೇಡಿಯಂ. ಐಎಎಸ್ ಅಧಿಕಾರಿಯೊಬ್ಬರು ನಾಯಿ ಸುತ್ತಾಡಿಸಲಿ ಎಂದು ಅಥ್ಲೀಟ್‌ಗಳನ್ನು ಸಂಜೆ ಏಳಕ್ಕೇ ಹೊರಗೆ ಕಳಿಸುತ್ತಾರೆ ಎಂದು ಪತ್ರಿಕೆಯಲ್ಲಿ ಬಂತು. ಸಾಹೇಬರಿಗೆ ಲಡಾಖ್‌ಗೆ ವರ್ಗ ಆಯಿತು. ಎಲ್ಲರೂ ಬೈದರು, ನಾನೂ ಬೈದೆ. ಈಗ ನೋಡಿದರೆ ಇಡೀ ಪ್ರಕರಣದಲ್ಲಿ ಕ್ರೀಡಾ ವಿಜ್ಞಾನ ಗೊತ್ತಿದ್ದುದು ಆ ನಾಯಿಗೆ ಮಾತ್ರ. ದಿನಾ ಅದೇ ಹೊತ್ತು, ಅದೇ ಟ್ರ್ಯಾಕು, ಮೊದಲು ನಿಧಾನ ನಡಿಗೆ, ಆಮೇಲೆ ಸ್ವಲ್ಪ ಓಟ. ಅದಕ್ಕೆ ಹ್ಯಾಮ್‌ಸ್ಟ್ರಿಂಗ್ ಎಳೆದದ್ದನ್ನು ಯಾರಾದರೂ ಕೇಳಿದ್ದೀರಾ?

ಇನ್ನು ನಮ್ಮೂರ ಫಿಸಿಯೋ ವಿಭಾಗ. ಅದು ನಾನೇ. ನಾನು ಕಾಲು ಮುಂದಾಗಿ ಹುಟ್ಟಿದವನು. ನಮ್ಮಂಥವರಿಂದ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಿಮಗೂ ಗೊತ್ತಿರಬಹುದು. ಸೊಂಟ ಹಿಡಿದವರು, ಗದ್ದೆಯಲ್ಲಿ ಬೆನ್ನು ಉಳುಕಿದವರು ಬೆಳಿಗ್ಗೆ ಬೆಳಿಗ್ಗೆ ಬಾಗಿಲಲ್ಲಿ ನಿಂತಿರುತ್ತಾರೆ. ಒಮ್ಮೆ ಮದುವೆ ಮನೆಯಲ್ಲಿ ಬೀಗರೊಬ್ಬರು ಎಲೆ ಮುಂದೆ ಕೂತಿದ್ದ ನನ್ನನ್ನು ಎಬ್ಬಿಸಿ ಒದೆಸಿಕೊಂಡರು. ವಾಪಸ್ ಬಂದಾಗ ಹೋಳಿಗೆ ಖಾಲಿ. ಹುಡುಗನ ತಾಯಿಯೂ ಬಂದು, 'ಅಣ್ಣಾ, ಒಂದು ಸಲ ಒದ್ದುಬಿಡಿ, ನಿಮ್ಮ ಕಾಲಿನ ಗುಣ' ಎಂದರು. ಹರಿದ ಸ್ನಾಯುವಿಗೆ ಒದ್ದರೆ ಇನ್ನಷ್ಟು ಹರಿಯುತ್ತೆ ತಾಯಿ, ಎಂದೆ. ನನ್ನ ಕಾಲಿಗೆ ಕೆಲಸ ಬೇಕಾದಷ್ಟಿದೆ. ವಿಳಾಸ ಮಾತ್ರ ಅವನದ್ದಲ್ಲ.

ತಮಾಷೆ ಸಾಕು. ಈ ಹುಡುಗನಿಗೆ ಮೆಡಲ್ ಬೇಕಿದ್ದುದು ಗೋಡೆಗೆ ನೇತುಹಾಕಲು ಅಲ್ಲ. ಪೊಲೀಸ್ ಕೆಲಸದ ಕ್ರೀಡಾ ಕೋಟಾಗೆ ಅರ್ಜಿ ಹಾಕಬೇಕು ಅಂತಿದ್ದ. ಅಪ್ಪ ಗಾರೆ ಕೆಲಸದವರು. ಸ್ಪೈಕ್ ಶೂ ತಂದದ್ದು ಸಾಲ ಮಾಡಿ. ಸ್ಕ್ಯಾನ್ ಮಾಡಿಸಿ ಅಂದಿದ್ದಾರೆ ಡಾಕ್ಟರ್. ಅದರ ದುಡ್ಡನ್ನು ಕಾಲೇಜು ಕೊಡಲ್ಲ, ಗ್ರೌಂಡಿನಲ್ಲಿ ಗೂಟ ಹೊಡೆದವರೂ ಕೊಡಲ್ಲ. ಗ್ರೌಂಡ್ ಬಾಡಿಗೆ ಎಲ್ಲಿ ಹೋಗುತ್ತದೆ ಅಂತ ಕೇಳಿದರೆ, ಎಲ್ಲರೂ ತಮ್ಮ ತಮ್ಮ ಶೂ ಲೇಸ್ ನೋಡಿಕೊಳ್ಳುತ್ತಾರೆ. ಹದಿನೈದು ವರ್ಷದಿಂದ ಇದನ್ನೇ ನೋಡ್ತಿದ್ದೀನಿ. ಬೇಜಾರಾಗಿದೆ.

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾದ ಪಿಡಿ ಸರ್ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದರೆ ಅದಕ್ಕೂ ಮನಸ್ಸಿಲ್ಲ. ಆ ಮನುಷ್ಯ ಮೂರು ತಿಂಗಳಲ್ಲಿ ಪರೀಕ್ಷೆ ಡ್ಯೂಟಿ, ಸಮೀಕ್ಷೆ ಡ್ಯೂಟಿ, ಸಮಾವೇಶದ ಪಾರ್ಕಿಂಗ್ ಡ್ಯೂಟಿ ಎಲ್ಲ ಮಾಡಿದ್ದಾರೆ. ಸೀಟಿ ಊದಿದ್ದೂ ಪಾರ್ಕಿಂಗ್‌ನಲ್ಲೇ.

ನಿನ್ನೆ ರಾತ್ರಿ ಅವರೇ ಫೋನ್ ಮಾಡಿದ್ದರಂತೆ. 'ಕಾಲು ಹೇಗಿದೆಯಪ್ಪಾ? ನಾಡಿದ್ದು ಖೋಖೋ ಟೀಮಿಗೆ ಒಬ್ಬ ಕಡಿಮೆ ಬೀಳ್ತಿದ್ದಾನೆ. ನೀನು ಆಡೋದು ಬೇಡ, ಲಿಸ್ಟಲ್ಲಿ ಹೆಸರಿದ್ರೆ ಸಾಕು. ಸಾಲಲ್ಲಿ ಕೂತ್ಕೋ.'

ಖೋಖೋದಲ್ಲಿ ಕೂತವನಿಗೆ ಖೋ ಕೊಟ್ಟರೆ ಎದ್ದು ಓಡಬೇಕಲ್ಲ ಸರ್ ಅಂತ ಹುಡುಗ ಕೇಳಿದ.

'ನಿನಗೆ ಕೊಡಬೇಡಿ ಅಂತ ಹೇಳ್ತೀನಿ' ಅಂದರಂತೆ.