ಹೇನಿನ ಹೆಸರು, ಆನೆಯ ಮುಖ

ಬಂದಳಿಕೆಯದು ಬಹಿರಂಗ ವ್ಯವಹಾರ. ಮರದ ಕೊಂಬೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು ಉಣ್ಣುತ್ತದೆ, ನಾಚಿಕೆಯಿಲ್ಲ. ಪೆಡಿಕ್ಯುಲಾರಿಸ್ ಎಂಬ ಹೂಗಿಡ ಹಾಗಲ್ಲ. ಎತ್ತರದ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಮರ್ಯಾದಸ್ಥ ಗಿಡದಂತೆ ಮಣ್ಣಿನಲ್ಲೇ ಬೇರೂರಿ, ಜರಿಗಿಡದಂಥ ಹಸಿರೆಲೆ ಬಿಟ್ಟು, ಬಿಸಿಲು ಬಿದ್ದರೆ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಕೈಚಳಕವೆಲ್ಲ ನೆಲದ ಕೆಳಗೆ. ಇದರ ಬಳಗದ ಗಿಡಗಳ ಬೇರುಗಳು ನೆರೆಹೊರೆಯ ಬೇರುಗಳಿಗೆ ಅಂಟಿಕೊಂಡಿರುತ್ತವೆ ಎಂದು ಫ್ರಾನ್ಸಿನ ಸಸ್ಯವಿಜ್ಞಾನಿ ಜೋಸೆಫ್ ಡೆಕೇನ್ ಬರೆದದ್ದು 1847ರಲ್ಲಿ. ಒಲೆ ಸ್ವಂತದ್ದು, ನೀರು ಪಕ್ಕದ ಮನೆಯದು. ಇಂಥದ್ದಕ್ಕೆ ಅರೆಪರಾವಲಂಬಿ ಎನ್ನುತ್ತಾರೆ.

ಹೆಸರಿನ ವಿಷಯದಲ್ಲಿ ಮಾತ್ರ ಇದಕ್ಕೆ ಅನ್ಯಾಯವಾಗಿದೆ. ಲ್ಯಾಟಿನ್ನಿನಲ್ಲಿ ಪೆಡಿಕ್ಯುಲಸ್ ಎಂದರೆ ಹೇನು. ಈ ಗಿಡ ಮೇಯ್ದ ದನಕುರಿಗಳಿಗೆ ಹೇನು ಹತ್ತುತ್ತದೆ ಎಂದು ಹಳೆಯ ಯುರೋಪಿನ ರೈತರು ನಂಬಿದ್ದರು. ಗಿಡ ಬೆಳೆಯುವುದು ಜೌಗಿನ, ಸಾರವಿಲ್ಲದ ನೆಲದಲ್ಲಿ. ಅಲ್ಲಿ ಮೇಯುವ ಪ್ರಾಣಿ ಸೊರಗುತ್ತದೆ, ಸೊರಗಿದ ಮೈಗೆ ಹೇನು ಹತ್ತುತ್ತದೆ. ನೆಲದ ತಪ್ಪು ಹೂವಿನ ತಲೆಗೆ ಬಂತು ಅನ್ನೋಣ. ನಿಜವಾಗಿ ಮಾಡುವ ಕಳ್ಳತನ ಯಾರ ಕಣ್ಣಿಗೂ ಬೀಳದೆ, ಮಾಡದ ತಪ್ಪಿಗೆ ಹೆಸರು ಕೆಡಿಸಿಕೊಂಡ ಗಿಡ ಇದು.

ಇದರಲ್ಲಿ 600ಕ್ಕೂ ಹೆಚ್ಚು ಜಾತಿಗಳಿವೆ. ಹಿಮಾಲಯದಿಂದ ನೈರುತ್ಯ ಚೀನಾದ ಹೆಂಗ್ಡುವಾನ್ ಪರ್ವತಗಳವರೆಗಿನ ಸೀಮೆಯೇ ಇವುಗಳ ದೊಡ್ಡ ತವರು. ಆದರೆ ನೋಡಿದವರು ಮರೆಯಲಾಗದ ಜಾತಿ ಇರುವುದು ಉತ್ತರ ಅಮೆರಿಕದಲ್ಲಿ. ರಾಕಿ ಮತ್ತು ಸಿಯೆರಾ ನೆವಾಡಾ ಪರ್ವತಗಳ ಒದ್ದೆ ಹುಲ್ಲುಗಾವಲುಗಳಲ್ಲಿ, ತೊರೆಯ ಅಂಚಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅರಳುವ ಪೆಡಿಕ್ಯುಲಾರಿಸ್ ಗ್ರೋನ್ಲ್ಯಾಂಡಿಕಾ. ಜನ ಕರೆಯುವುದು ಆನೆತಲೆ ಎಂದು. ಒಂದು ತೆನೆಯಲ್ಲಿ ಹತ್ತಾರು ಗುಲಾಬಿ-ನೇರಳೆ ಹೂಗಳು. ಪ್ರತಿಯೊಂದೂ ಉಗುರಿನಷ್ಟು ದೊಡ್ಡ ಆನೆಯ ಮುಖ. ಮೇಲಿನ ತುಟಿ ಉಬ್ಬಿ ಹಣೆಯಾಗಿದೆ. ಅದರ ತುದಿ ಸುಮಾರು ಒಂದು ಸೆಂಟಿಮೀಟರ್ ಚಾಚಿ ಮೇಲಕ್ಕೆ ಬಾಗಿ ಸೊಂಡಿಲಾಗಿದೆ. ಕೆಳತುಟಿಯ ಎರಡು ಪಕ್ಕದ ಎಸಳುಗಳೇ ಕಿವಿ. ಕಲ್ಪನೆಗೆ ಕೆಲಸವೇ ಇಲ್ಲ, ಅಷ್ಟು ಸ್ಪಷ್ಟ.

ಸೊಂಡಿಲು ಚಂದಕ್ಕೆ ಇರುವುದಲ್ಲ. ಈ ಹೂವಿನಲ್ಲಿ ಮಕರಂದವಿಲ್ಲ, ಬರುವ ಬಂಬಲ್‌ಬೀಗೆ ಸಿಗುವುದು ಪರಾಗ ಮಾತ್ರ. ಪರಾಗದ ಚೀಲಗಳು ಹಣೆಯೊಳಗೆ ಬಚ್ಚಿಟ್ಟಿವೆ. ಮೈತುಂಬ ಕೂದಲಿನ ಈ ದುಂಬಿ ಹೂವನ್ನು ಬಿಗಿಯಾಗಿ ಹಿಡಿದು ರೆಕ್ಕೆಯ ಸ್ನಾಯುಗಳನ್ನು ಗುಂಯ್ ಎಂದು ಅದುರಿಸುತ್ತದೆ; ಪರಾಗ ಜರಡಿ ಹಿಡಿದ ಹಿಟ್ಟಿನಂತೆ ಉದುರುತ್ತದೆ. ದುಂಬಿ ಬಹಳ ಅಚ್ಚುಕಟ್ಟು. ಮೈಮೇಲೆ ಬಿದ್ದದ್ದನ್ನೆಲ್ಲ ಕಾಲಿನಿಂದ ಬಾಚಿ ಹಿಂಗಾಲಿನಲ್ಲಿರುವ ಪರಾಗದ ಬುಟ್ಟಿಗೆ ತುಂಬಿಕೊಳ್ಳುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ಸಂದಿಗೆ ಮಾತ್ರ ಅದರ ಕಾಲು ಎಟಕುವುದಿಲ್ಲ. ಮುಂದಿನ ಹೂವಿನ ಸೊಂಡಿಲು ಅದರ ಮೈ ಬಳಸಿ ಬಂದು, ತುದಿಯಲ್ಲಿರುವ ಶಲಾಕಾಗ್ರವನ್ನು, ಅಂದರೆ ಪರಾಗ ಹಿಡಿದುಕೊಳ್ಳುವ ಹೆಣ್ಣು ಭಾಗವನ್ನು, ಸರಿಯಾಗಿ ಅದೇ ಸಂದಿಗೆ ಮುಟ್ಟಿಸುತ್ತದೆ. ಬೆನ್ನು ತುರಿಸಿಕೊಳ್ಳಲು ಆಗದ ಜಾಗ ನಮಗೂ ಒಂದಿದೆಯಲ್ಲ, ಅಂಥ ಜಾಗವನ್ನೇ ನೆಚ್ಚಿಕೊಂಡು ವಂಶ ಬೆಳೆಸುವ ಹೂವು.

ಹಿಮಾಲಯದ ಪೆಡಿಕ್ಯುಲಾರಿಸ್ ಲಾಂಗಿಫ್ಲೋರಾದ್ದು ಇನ್ನೊಂದು ವಿಚಿತ್ರ. ಗಿಡ ನೆಲಕ್ಕೆ ಅಂಟಿರುತ್ತದೆ, ಹಳದಿ ಹೂವಿನ ಕೊಳವೆ ಮಾತ್ರ ಹಲವು ಸೆಂಟಿಮೀಟರ್ ಉದ್ದ. ಅಷ್ಟುದ್ದದ ಕೊಳವೆ ಕಂಡರೆ ತಳದಲ್ಲಿ ಮಕರಂದ ಇರಲೇಬೇಕು ಅನ್ನಿಸುತ್ತದೆ, ಇಲ್ಲ, ಖಾಲಿ. ಹೂವನ್ನು ಹುಲ್ಲಿನ ಮೇಲಕ್ಕೆ ಎತ್ತಿ ದುಂಬಿಗೆ ತೋರಿಸುವ ತೊಟ್ಟಿನ ಕೆಲಸವನ್ನು ಕೊಳವೆಯೇ ಮಾಡುತ್ತದೆ ಎನ್ನುವ ವಿವರಣೆ ಒಪ್ಪುವಂತಿದೆ. ಟಿಬೆಟ್ಟಿನ ವೈದ್ಯರು ಇದನ್ನು ಲುಗ್ರು ಸೆರ್ಪೊ, ಅಂದರೆ ಹಳದಿ ಕುರಿಕೊಂಬು ಎನ್ನುತ್ತಾರೆ. ಹೇನಿಗಿಂತ ಎಷ್ಟೋ ವಾಸಿ.

ಇನ್ನು ನೆಲದಡಿಯ ವ್ಯವಹಾರ. ಗಿಡ ಕಿತ್ತರೆ ಏನೂ ಕಾಣುವುದಿಲ್ಲ, ಕೊಂಡಿಗಳೆಲ್ಲ ಮಣ್ಣಿನಲ್ಲೇ ಹರಿದುಹೋಗುತ್ತವೆ. ಅಕ್ಕಪಕ್ಕದ ಹುಲ್ಲಿನ ಸಮೇತ ಹೆಂಟೆಯನ್ನೇ ಎತ್ತಿ, ನೀರಿನಲ್ಲಿ ನೆನೆಹಾಕಿ, ಮಣ್ಣು ತಾನಾಗಿ ಕರಗುವವರೆಗೆ ಕಾಯಬೇಕು. ಆಗ ಲೆನ್ಸ್ ಹಿಡಿದು ನೋಡಿದರೆ ಬೇರಿನ ಮೇಲೆ ಒಂದೆರಡು ಮಿಲಿಮೀಟರಿನ ಬಿಳಿ ಗಂಟುಗಳು; ಪ್ರತಿ ಗಂಟೂ ನೆರೆಯವರ ಬೇರನ್ನು ಜಿಗಣೆಯಂತೆ ಕಚ್ಚಿರುತ್ತದೆ. ಒಳಗೆ ಒಂದು ಮೊಳೆಯಂಥ ಭಾಗ ನೀರು ಸಾಗುವ ನಾಳದವರೆಗೂ ನುಗ್ಗಿರುತ್ತದೆ. ಪಂಪು ಇರುವುದು ಮಾತ್ರ ಮೇಲೆ, ಎಲೆಯಲ್ಲಿ. ನೀರು ಉಳಿಸಬೇಕಾದ ಹೊತ್ತಿನಲ್ಲಿ ಸಾಮಾನ್ಯ ಗಿಡಗಳು ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ. ಅರೆಪರಾವಲಂಬಿಗಳು ರಾತ್ರಿಯೂ ಸಾಕಷ್ಟು ತೆರೆದೇ ಇಡುತ್ತವೆ. ಯಾರ ಎಲೆಯಿಂದ ನೀರು ಹೆಚ್ಚು ಆರುತ್ತದೋ ಅವರ ಕಡೆಗೇ ಸೆಳೆತ. ಜೊತೆಗೆ ಸಾರಜನಕ, ಖನಿಜ, ಅಷ್ಟಿಷ್ಟು ಸಕ್ಕರೆ. ಪರರ ದುಡ್ಡಿನಲ್ಲಿ ಕೈಬಿಚ್ಚಿ ಖರ್ಚು ಮಾಡುವವರ ಲೆಕ್ಕಾಚಾರ ಇದೇ.

ಆದ್ದರಿಂದ ಇದನ್ನು ಅಗೆದು ತಂದು ನೆಟ್ಟರೆ ಬದುಕುವುದಿಲ್ಲ. ಬೇರು ಎಷ್ಟೇ ಜೋಪಾನವಾಗಿ ತಂದರೂ ನಲ್ಲಿ ಕಡಿದ ಮನೆಯ ಸ್ಥಿತಿ. ಬೆಳೆಸಲೇಬೇಕೆಂದರೆ ಬೀಜದಿಂದ. ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 8ರಿಂದ 12 ವಾರ ಇಡಬೇಕು. ಚಳಿಗಾಲ ಕಳೆಯಿತು ಎಂಬ ನಂಬಿಕೆ ಬಂದರಷ್ಟೇ ಅದು ಮೊಳೆಯುವುದು. ಬಿತ್ತುವುದು ಖಾಲಿ ಕುಂಡದಲ್ಲಲ್ಲ, ಆಗಲೇ ಬೇರು ಬಿಟ್ಟ ಹುಲ್ಲು ಅಥವಾ ಜೇಕಿನ ಬುಡದಲ್ಲಿ. ಆಸರೆ ಸಿಗದ ಸಸಿ ಮೊಳೆತರೂ ನಾಲ್ಕಾರು ಎಲೆಗೆ ನಿಂತು ಕೊರಗುತ್ತದೆ. ಮಣ್ಣು ಒಣಗಬಾರದು. ಕೈ ತುರಿಸಿ ಗೊಬ್ಬರ ಹಾಕುವವರೇ ಹೆಚ್ಚಾಗಿ ಎಡವುವುದು: ಗೊಬ್ಬರ ಉಂಡ ಹುಲ್ಲು ಎತ್ತರಕ್ಕೆದ್ದು ನೆರಳು ಮಾಡುತ್ತದೆ, ಬಿಸಿಲಿಲ್ಲದೆ ಇದರ ಒಲೆ ಆರುತ್ತದೆ. ಇನ್ನೊಂದು ಮಾತು, ರಾಷ್ಟ್ರೀಯ ಉದ್ಯಾನಗಳಲ್ಲಿ ಬೀಜ ಆಯುವುದಾಗಲಿ ಹೆಂಟೆ ಎತ್ತುವುದಾಗಲಿ ನಿಷಿದ್ಧ.

ಬೇರಿನಿಂದ ಹೀರಿ ನೆರೆಯ ಹುಲ್ಲಿನ ಸೊಕ್ಕು ಮುರಿಯುವ ಈ ಗುಣವನ್ನೇ ಯುರೋಪಿನವರು ಇದರ ಸೋದರಸಂಬಂಧಿ ರೈನಾಂಥಸ್‌ನಿಂದ ದುಡಿಸಿಕೊಳ್ಳುತ್ತಾರೆ. ಒಣಗಿದ ಕಾಯಿ ಗಿಲಕಿಯಂತೆ ಸದ್ದು ಮಾಡುವ ಗಿಡ ಅದು. ಶರತ್ಕಾಲದಲ್ಲಿ ಹುಲ್ಲನ್ನು ಬುಡಮಟ್ಟ ಕೊಯ್ದು, ನೆಲ ಕಾಣುವಂತೆ ಕೆರೆದು, ಚದರ ಮೀಟರಿಗೆ ಅರ್ಧದಿಂದ ಒಂದು ಗ್ರಾಂ ತಾಜಾ ಬೀಜ ಎರಚಿದರೆ, ಹುಲ್ಲು ತಗ್ಗಿದ ಜಾಗದಲ್ಲಿ ಬೇರೆ ಕಾಡುಹೂಗಳಿಗೆ ಎಡೆ ಸಿಗುತ್ತದೆ. ಹಳೆಯ ಬೀಜ ತಂದವರಿಗೆ ಹುಲ್ಲೇ ಗತಿ.

ಪೆಡಿಕ್ಯುಲಾರಿಸ್‌ನ ಒಣ ಸೊಪ್ಪನ್ನು ಗಿಡಮೂಲಿಕೆ ಎಂದು ಬಳಸುವವರಿದ್ದಾರೆ. ಅವರು ಗಿಡಕ್ಕಿಂತ ಮೊದಲು ಗಿಡದ ನೆರೆಹೊರೆ ನೋಡಬೇಕು. ರಾಕಿ ಪರ್ವತಗಳಲ್ಲಿ ಸೆನೆಸಿಯೊ ಎಂಬ ಹಳದಿ ಹೂವಿನ ಗಿಡದ ಬೇರಿಗೆ ಬಾಯಿ ಹಾಕಿದ ಪೆಡಿಕ್ಯುಲಾರಿಸ್‌ನ ಒಳಗೆ ಸೆನೆಸಿಯೊದ ವಿಷವೂ ಸಿಕ್ಕಿದೆ, ಯಕೃತ್ತನ್ನು ಕೆಡಿಸುವಂಥದ್ದು. ಎಲೆಯ ಬಣ್ಣದಲ್ಲಾಗಲಿ ಹೂವಿನಲ್ಲಾಗಲಿ ಅದರ ಸುಳಿವಿರುವುದಿಲ್ಲ. ಒಣಗಿಸಿ ಪೊಟ್ಟಣ ಕಟ್ಟಿದ ಸೊಪ್ಪಿನಲ್ಲಂತೂ, ಪಕ್ಕದಲ್ಲಿ ಬೆಳೆದದ್ದು ಹುಲ್ಲೋ ಸೆನೆಸಿಯೊವೋ ಎಂದು ಯಾರನ್ನು ಕೇಳುವುದು?